ಮದುಮಗನ ಕಾಲಾಣಿ

ಆಣಿ ತೆಗೆಯುವುದು ಸಣ್ಣ ಕೆಲಸ. ಆದರೂ ಗಲಿಬಿಲಿಯಿಲ್ಲದೆ ಮುಗಿದದ್ದು ನಾನು ಕಾಣೆ. ತೊಂಬತ್ತರ ದಶಕದಲ್ಲಿ ಕೆ.ಆರ್. ಪೇಟೆಯ ಒಬ್ಬ ಡಾಕ್ಟರ ಹತ್ತಿರ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸಕ್ಕಿದ್ದೆ. ಇದು ಒಂದೇ ಕಾಲಿನ ಕಥೆ.

೧

ಶೀಳನೆರೆ ಕಡೆಯ ರೈತ ಮಗನನ್ನು ಕರೆತಂದ. ಹುಡುಗನ ಬಲಗಾಲಿನ ಕಿರುಬೆರಳ ಪಕ್ಕ ಆಣಿ. ಹದಿನೈದು ದಿನಕ್ಕೆ ಮದುವೆ.

"ಧಾರೇಲಿ ಬೀಗ್ರು ಇವನ ಕಾಲು ತೊಳೀತಾರೆ. ಗಂಡಿನ ಕಾಲಲ್ಲಿ ಐಬದೆ ಅಂತ ಎದ್ದೋಗ್ಬುಟ್ರೆ?" ಎಂದ ಅಪ್ಪ.

ಡಾಕ್ಟರು ಔಷಧಿ ಹಚ್ಚಿದ ಅಂಟುಪಟ್ಟಿ ಕೊಟ್ಟರು. "ನೋವಿರೋ ಕಡೆ ಅಂಟಿಸು, ವಾರ ಬಿಟ್ಟು ಬಾ."

ಒಂಬತ್ತು ದಿನ ಬಿಟ್ಟು ಹುಡುಗ ಅಪ್ಪನ ಜೊತೆ ಬಂದ. ಪಟ್ಟಿ ಬೂಟಿನ ಮೇಲಿತ್ತು.

"ಬರಿಗಾಲಲ್ಲಿ ಏನಿಲ್ಲ ಸಾರ್. ಬೂಟು ಹಾಕಿದ್ರೇನೆ ಪ್ರಾಣ ಹೋಗೋದು. ಅದ್ಕೆ ಬೂಟಿಗೇ ಅಂಟಿಸ್ದೆ."

ಬೂಟು ಮೆತ್ತಗಾಗಿತ್ತು. ಆಣಿ ಇದ್ದಲ್ಲೇ ಇತ್ತು.

೨

ದಿನ ಉಳಿದಿರಲಿಲ್ಲ. ಡಾಕ್ಟರು ಸೂಜಿ ಹಾಕಿ, ಕೊಯ್ದು ತೆಗೆದರು. ಅಪ್ಪನಿಗೆ ಸಮಾಧಾನವಿಲ್ಲ.

"ಬೇರು ಬಂತಾ ಡಾಕ್ಟ್ರೆ? ಕಬ್ಬು ಮೇಲ್ಮೇಲೆ ಕುಯ್ದ್ರೆ ಕೂಳೆ ಚಿಗುರಾಕಿಲ್ವಾ?"

ಡಾಕ್ಟರು ಹತ್ತಿಯ ಮೇಲಿನ ಚೂರು ತೋರಿಸಿದರು. ಅವನು ಕಿಟಕಿಗೆ ಹಿಡಿದು ನೋಡಿದ.

"ಇಷ್ಟೇನಾ? ಕವಲೇ ಇಲ್ವಲ್ಲ!"

ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಹೆಂಡತಿಗೆ ತೋರಿಸಬೇಕಂತೆ.

೩

"ಎಂಟು ದಿನ ನೀರು ಸೋಕಿಸಬೇಡಿ" ಎಂದರು ಡಾಕ್ಟರು. ಮದುವೆಗೆ ಇನ್ನು ಆರೇ ದಿನ.

"ಕಾಲು ತೊಳೀದೆ ಧಾರೆ ಎಂಗಾದದು?" ಎಂದ ಅಪ್ಪ.

"ಒಂದೇ ಕಾಲು ತೊಳೆಯಲಿ" ಎಂದರು ಡಾಕ್ಟರು. ಅವರಿಗಿನ್ನೂ ಮದುವೆಯಾಗಿರಲಿಲ್ಲ.

ಅಪ್ಪ ನನ್ನ ಕಡೆ ತಿರುಗಿದ. "ನೀವೇ ಬಂದು ಏನಾರ ಮಾಡಿ. ಹೆಣ್ಣಿನ ಕಡೆಯೋರ್ಗೆ ಮಾತ್ರ ಗೊತ್ತಾಗಬಾರ್ದು."

ಮದುವೆಯ ದಿನ ಹೋಗಿ, ಪಟ್ಟಿಯ ಮೇಲೆ ಹಾಲಿನ ಪ್ಲಾಸ್ಟಿಕ್ ಕವರ್ ಹಾಕಿ ದಾರ ಕಟ್ಟಿದೆ. ಗೊತ್ತಾಗದಂತೆ ಮಾಡಬೇಕಿತ್ತು. ಈಗ ಇಡೀ ಛತ್ರ ಕಾಲನ್ನೇ ನೋಡುತ್ತಿತ್ತು.

೪

ಹೆಣ್ಣಿನ ತಂದೆ ತೊಣ್ಣೂರಿನವರು. ಗಂಡಿನ ಎದುರು ಕೂತು, ತಟ್ಟೆಯಲ್ಲಿ ಎಡಗಾಲು ತೊಳೆದರು. ಬಲಗಾಲು ಬಂತು. ಕೈ ನಿಂತಿತು.

"ಇದೇನಪ್ಪಾ?"

"ಮುಳ್ಳು" ಎಂದ ಗಂಡಿನ ಅಪ್ಪ.

"ಆಣಿ" ಎಂದ ಮಗ, ಅದೇ ಉಸಿರಿಗೆ.

ವಾಲಗ ನಿಂತಿತು. ಹೆಣ್ಣಿನ ತಂದೆ ಚೊಂಬು ಕೆಳಗಿಟ್ಟರು.

"ಆಣೀನಾ? ತೆಗೆಸ್ದಾ? ಯಾರ ತಾವ?"

ಮದುಮಗ ನನ್ನ ಕಡೆ ಬೆರಳು ತೋರಿಸಿದ.

"ಬನ್ನಿ ಸ್ವಾಮಿ ಇಲ್ಲಿ. ಆರು ವರ್ಸದಿಂದ ನಾನೂ ಸಾಯ್ತಾ ಇವ್ನಿ. ಇದ್ನೊಸಿ ನೋಡ್ಬುಡಿ!" ಎಂದವರೇ, ಮದುಮಗನ ಕಾಲು ಪಕ್ಕಕ್ಕೆ ಸರಿಸಿ, ತಮ್ಮ ಬಲಗಾಲನ್ನು ತಟ್ಟೆಗಿಟ್ಟರು.

ಪುರೋಹಿತರು ಪುಸ್ತಕದಿಂದ ಕಣ್ಣೆತ್ತಿರಲಿಲ್ಲ. "ಹ್ಞೂಂ, ಮುಹೂರ್ತ ಮೀರುತ್ತೆ, ಬೇಗ ತೊಳೀರಿ" ಎಂದರು.

ಯಾರಿಗೆ ಹೇಳಿದರೋ ಯಾರಿಗೂ ತಿಳಿಯಲಿಲ್ಲ. ಮದುಮಗ ಚೊಂಬು ತೆಗೆದುಕೊಂಡು, ಬಗ್ಗಿ, ಮಾವನ ಕಾಲು ತೊಳೆದುಬಿಟ್ಟ.