ಲಗ್ನಪತ್ರಿಕೆಯ ಬೆನ್ನ ಮೇಲೆ ಬರೆದ ಹಾಡುಗಳು

ನನ್ನ ನಾದಿನಿಯ ಮದುವೆ ಮುರಿದುಬಿದ್ದದ್ದರಿಂದ ಎಲ್ಲರಿಗಿಂತ ಹೆಚ್ಚು ತೊಂದರೆ ಅನುಭವಿಸಿದವರು ಯಾರು ಗೊತ್ತೇ? ಅವಳಲ್ಲ. ಜಯನಗರದವರು! ಅವಳು ಹದಿನೈದು ದಿನಕ್ಕೆಲ್ಲ ಚೇತರಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಡ್ಯೂಟಿಗೆ ಹೋದಳು. ನಮ್ಮ ಬೀದಿ ಚೇತರಿಸಿಕೊಳ್ಳಲು ಐದು ವರ್ಷ ಹಿಡಿಯಿತು.

ನಾನು ಆ ಮನೆಗೆ ಸೊಸೆಯಾಗಿ ಹಾಸನದಿಂದ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. "ನಾದಿನಿ ಇರೋ ಮನೆ ಕಣೇ, ಜೋಪಾನ" ಎಂದು ನನ್ನ ಅಮ್ಮ ಬಸ್ಸು ಹತ್ತುವ ತನಕ ಕಿವಿಯಲ್ಲಿ ಊದಿದ್ದಳು. ನಾದಿನಿ ಎಂದರೆ ಚಾಡಿ ಹೇಳುವವಳು, ಅತ್ತಿಗೆಯ ಟ್ರಂಕು ತೆಗೆದು ಸೀರೆ ಎಣಿಸುವವಳು, ಸಾರಿಗೆ ಉಪ್ಪು ಜಾಸ್ತಿ ಎನ್ನುವವಳು. ಅದಕ್ಕೆಲ್ಲ ನಾನು ತಯಾರಾಗಿಯೇ ಬಂದಿದ್ದೆ. ಆದರೆ ನಾದಿನಿ ರಾಕ್ ಬ್ಯಾಂಡ್ ಇಟ್ಟುಕೊಂಡಿರುತ್ತಾಳೆ ಎಂದು ಯಾವ ತಾಯಿ ತಾನೇ ಮಗಳನ್ನು ಎಚ್ಚರಿಸುತ್ತಾಳೆ?

ಬಂದ ಮೊದಲ ಭಾನುವಾರವೇ ಗೊತ್ತಾಯಿತು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಹಿತ್ತಲಿನ ಕಾರ್ ಶೆಡ್ಡಿನಿಂದ ಧಡ್ ಧಡಾರ್ ಎಂದು ಸದ್ದು. ಹಿಂದೆಯೇ ಹೆಂಗಸಿನ ಕೂಗು. ನನ್ನ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು.

"ಅತ್ತೇ, ಯಾರೋ ಯಾರನ್ನೋ ಹೊಡೀತಿದಾರೆ!"

ಒರಳುಕಲ್ಲಿನ ಮುಂದೆ ಕೂತಿದ್ದ ನಮ್ಮತ್ತೆ ತಲೆ ಕೂಡ ಎತ್ತಲಿಲ್ಲ. "ಏನಿಲ್ಲ ಕಣಮ್ಮ, ಹಾಡು."

ಆ ಶೆಡ್ಡನ್ನು ನಮ್ಮ ಮಾವನವರು ಮುಂದೆಂದಾದರೂ ಕಾರು ಬರಬಹುದೆಂದು ಕಟ್ಟಿಸಿದ್ದರಂತೆ. ಕಾರು ಬರಲಿಲ್ಲ. ಬಂದವರು ಮೂವರು ಹುಡುಗರು. ಒಬ್ಬನದು ಗಿಟಾರು, ಒಬ್ಬನದು ಅದಕ್ಕಿಂತ ದಪ್ಪ ತಂತಿಯ ಗಿಟಾರು, ಇನ್ನೊಬ್ಬನದು ಡ್ರಮ್ಮು. ಮೂವರ ಮುಂದೆ ಹತ್ತಿ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈಕು ಹಿಡಿದು ನಿಂತವಳು ನನ್ನ ನಾದಿನಿ. ವಯಸ್ಸು ಇಪ್ಪತ್ತೇಳು. ಕೆಲಸ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೇರೆ ಊರುಗಳಿಗೆ ಮೂರು ಮೂರು ನಿಮಿಷದ ಲೈನು ಜೋಡಿಸಿಕೊಡುವ ಟ್ರಂಕ್ ಕಾಲ್ ಆಪರೇಟರ್. ಬ್ಯಾಂಡಿನ ಹೆಸರು 'ರಾಂಗ್ ನಂಬರ್'!

ಮದುವೆ ಮುರಿದ ಕಥೆಯನ್ನು ಅತ್ತೆ ನನಗೆ ಬೇಳೆ ಆರಿಸುತ್ತ ಹೇಳಿದರು. ನಿಶ್ಚಿತಾರ್ಥ ಆಗಿತ್ತು, ಛತ್ರ ಗೊತ್ತಾಗಿತ್ತು, ಲಗ್ನಪತ್ರಿಕೆ ಅಚ್ಚಾಗಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಟ್ಟಿದ್ದರು. ಆಗ ಗಂಡಿನ ಕಡೆಯಿಂದ ಒಂದು ಪತ್ರ ಬಂತು. ಹೊತ್ತಲ್ಲದ ಹೊತ್ತಿನಲ್ಲಿ ಡ್ಯೂಟಿಗೆ ಹೋಗಿ, ಕಂಡಕಂಡ ಗಂಡಸರ ಜೊತೆ ಫೋನಿನಲ್ಲಿ ಮಾತಾಡುವ ಹುಡುಗಿ ತಮ್ಮ ಮನೆತನಕ್ಕೆ ಹೊಂದುವುದಿಲ್ಲವಂತೆ. ಕಂಡಕಂಡ ಗಂಡಸರ ಜೊತೆ ಇವಳು ಆಡುತ್ತಿದ್ದ ಮಾತಾದರೂ ಯಾವುದು? "ಮೂರು ನಿಮಿಷ ಆಯ್ತು ಸಾರ್, ಮುಂದುವರಿಸ್ತೀರಾ?" ಅಷ್ಟೆ!

ಉಳಿದ ಪತ್ರಿಕೆಗಳನ್ನು ಅತ್ತೆ ಬಚ್ಚಲ ಒಲೆಗೆ ಹಾಕಲು ಹೊರಟಾಗ ಇವಳು ಕಟ್ಟನ್ನು ಕಿತ್ತುಕೊಂಡಳಂತೆ. "ಹಿಂದುಗಡೆ ಖಾಲಿ ಇದೆಯಲ್ಲಮ್ಮ, ಒಳ್ಳೇ ಕಾಗದ." ಅವಳ ಹಾಡುಗಳೆಲ್ಲ ಹುಟ್ಟಿದ್ದು ಆ ಹಿಂದುಗಡೆಯಲ್ಲಿ. ಒಂದು ಮಗ್ಗುಲಲ್ಲಿ ಚಿರಂಜೀವಿ, ಸೌಭಾಗ್ಯವತಿ, ಶುಭಮುಹೂರ್ತ. ಇನ್ನೊಂದು ಮಗ್ಗುಲಲ್ಲಿ ಆ ಚಿರಂಜೀವಿಯ ಗ್ರಹಚಾರ!

ಮೊದಲು ಆ ಮೂವರು ಹುಡುಗರು ಇಂಗ್ಲಿಷ್ ಹಾಡುಗಳನ್ನೇ ಮೂಗಿನಲ್ಲಿ ಹಾಡಿಕೊಂಡಿದ್ದರಂತೆ. ಪ್ರೇಮವೂ ಇಂಗ್ಲಿಷಿನದು, ವಿರಹವೂ ಇಂಗ್ಲಿಷಿನದು. ಜಾಗ ಬೇಕೆಂದು ಶೆಡ್ ಕೇಳಲು ಬಂದಾಗ ಇವಳು ಗಿಟಾರಿನವನನ್ನು ಹಿಡಿದು ನಿಲ್ಲಿಸಿದಳು.

"ನಿನಗೆ ಯಾವಳಾದರೂ ಕೈ ಕೊಟ್ಟಿದಾಳೇನೋ?"

"ಹೂಂ ಅಕ್ಕ."

"ಎಲ್ಲಿ?"

"ಬನಶಂಕರಿ ಬಸ್‌ಸ್ಟಾಪಲ್ಲಿ."

"ಕೈ ಕೊಟ್ಟಿದ್ದು ಬನಶಂಕರೀಲಿ, ಅಳೋದು ಮಾತ್ರ ಲಂಡನ್ನಿನಲ್ಲಾ?"

ಅಲ್ಲಿಗೆ ಇಂಗ್ಲಿಷು ಬಂದ್. ಅವತ್ತಿನಿಂದ ಕನ್ನಡದಲ್ಲೇ ಅಳು. ಅಳು ಎಂದೆನೇ? ತಪ್ಪಾಯಿತು. ಜಗಳ! ಅವಳ ಮೊದಲ ಹಾಡು ಹೀಗಿತ್ತು:

ಮೂರು ನಿಮಿಷ ಆಯ್ತು ಸಾರ್,
ಲೈನು ಕಟ್ ಮಾಡ್ಲಾ?
ಪ್ರೀತಿ ಇನ್ನೂ ಉಳಿದಿದ್ರೆ
ಕಾರ್ಡು ಬರೀರಿ!

ಅವಳ ಯಾವ ಹಾಡೂ ಮೂರು ನಿಮಿಷ ದಾಟುತ್ತಿರಲಿಲ್ಲ. "ಮೂರು ನಿಮಿಷದಲ್ಲಿ ಹೇಳೋಕಾಗದ ದುಃಖ ದುಃಖವೇ ಅಲ್ಲ ಅತ್ತಿಗೆ. ಸುಮ್ಮನೆ ಎಳೆದಾಟ. ದಿನಾ ಕೇಳ್ತೀನಲ್ಲ!" ಎನ್ನುತ್ತಿದ್ದಳು.

ಗಿಟಾರಿನವನು ಹಳೇ ವಾಲ್ವ್ ರೇಡಿಯೋ ಒಂದಕ್ಕೆ ತಂತಿ ಕೊಟ್ಟು ಅದನ್ನೇ ಸ್ಪೀಕರ್ ಮಾಡಿಕೊಂಡಿದ್ದ. ರೇಡಿಯೋ ತನ್ನ ಹಳೆಯ ಕಸುಬು ಬಿಟ್ಟಿರಲಿಲ್ಲ. ಹುಡುಗ ಮೋಸ ಮಾಡಿದ ಸಾಲಿಗೆ ಸರಿಯಾಗಿ ಒಳಗಿನಿಂದ ಗಂಡಸೊಬ್ಬ ಗಂಭೀರವಾಗಿ, "ಒಳನಾಡಿನಲ್ಲಿ ಒಣಹವೆ ಮುಂದುವರಿಯಲಿದೆ" ಎಂದುಬಿಡುತ್ತಿದ್ದ. ನಾದಿನಿ ಆ ಸಾಲನ್ನು ಹಾಡಿಗೇ ಸೇರಿಸಿಕೊಂಡಳು. ನಮ್ಮತ್ತೆ ಮಾತ್ರ ಬ್ಯಾಂಡಿಗೂ ತನಗೂ ಸಂಬಂಧವೇ ಇಲ್ಲ ಎನ್ನುತ್ತಿದ್ದರು. ಆದರೆ ಅವರ ರುಬ್ಬುಗುಂಡು ಡ್ರಮ್ಮಿನ ತಾಳಕ್ಕೆ ತಿರುಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಸಿಟ್ಟಿನ ಹಾಡಿದ್ದ ದಿನ ದೋಸೆ ಹಿಟ್ಟು ಬೆಣ್ಣೆಯಂತಿರುತ್ತಿತ್ತು!

ಬೀದಿಯವರು ಸುಮ್ಮನಿದ್ದಾರೆಯೇ? ಒಂದು ದಿನ ಪಕ್ಕದ ಮನೆಯ ನಿವೃತ್ತ ಅಧಿಕಾರಿ ಇನ್ನೂ ನಾಲ್ವರನ್ನು ಕರೆದುಕೊಂಡು, ಎಲ್ಲರ ಸಹಿ ಹಾಕಿಸಿದ ಅರ್ಜಿ ಹಿಡಿದು ಬಂದರು. ನಾದಿನಿ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಪೆನ್ನು ತೆಗೆದಳು.

"ಯಾವ ಹಾಡಿಂದ ತೊಂದರೆ ಆಯ್ತು ಸಾರ್? ಬರ್ಕೋತೀನಿ."

"ಅದೇ ಅಮ್ಮ, ಆ ಈರುಳ್ಳೀದು."

"ಯಾವ ಈರುಳ್ಳೀದು? ಸರಿಯಾಗಿ ನೆನಪಾಗ್ತಿಲ್ಲ, ಸ್ವಲ್ಪ ಹೇಳಿ."

ಪಾಪ, ಅವರು ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟರು:

ನೀನು ಬಿಟ್ಟು ಹೋದೆ ಅಂತ
ನಾನು ಊಟ ಬಿಡ್ಲಾ?
ಅತ್ತಿದ್ ನಿಜ, ಸುಳ್ಳು ಯಾಕೆ,
ಈರುಳ್ಳಿ ಹೆಚ್ತಿದ್ದೆ!

ಹೇಳುತ್ತ ಹೇಳುತ್ತ ಮಾತು ರಾಗವಾಯಿತು, ಕೈ ತೊಡೆಯ ಮೇಲೆ ತಾಳ ಹಾಕಿತು. ಜೊತೆಗೆ ಬಂದ ನಾಲ್ವರಲ್ಲಿ ಇಬ್ಬರು ಕೊನೆಯ ಸಾಲಿಗೆ ದನಿಗೂಡಿಸಿದರು! ಕಡೆಗೆ ಅರ್ಜಿಯನ್ನು ತಿದ್ದಿ, "ಮಧ್ಯಾಹ್ನ ಎರಡರಿಂದ ನಾಲ್ಕು, ನಿದ್ದೆಯ ಹೊತ್ತು ಬಿಟ್ಟು" ಎಂದು ಬರೆದುಕೊಟ್ಟು ಹೋದರು. ಬಾಗಿಲಲ್ಲಿ ಅಧಿಕಾರಿಗಳು ತಿರುಗಿ ನಿಂತು, "ಎರಡನೇ ಸಾಲಲ್ಲಿ ಶ್ರುತಿ ಬಿಡ್ತೀಯಮ್ಮ, ನೋಡ್ಕೋ" ಎಂದರು.

ಆಮೇಲೆ ಇನ್ನೊಂದು ಸಂಬಂಧ ಬಂತು. ಹುಡುಗನ ತಂದೆ, ತಾಯಿ, ಹುಡುಗ. ಅತ್ತೆ ಹಿಂದಿನ ದಿನವೇ ಮಗಳ ಗಲ್ಲ ಹಿಡಿದು, "ಹಾಡು ಅಂದ್ರೆ ದೇವರ ನಾಮ ಹೇಳು, ನಿನ್ನ ದಮ್ಮಯ್ಯ" ಎಂದು ಬೇಡಿಕೊಂಡಿದ್ದರು. ಉಪ್ಪಿಟ್ಟು ಕೇಸರಿಬಾತು ಆಯಿತು. ಹುಡುಗನ ತಾಯಿ ಕೇಳಬಾರದ್ದನ್ನು ಕೇಳಿಯೇಬಿಟ್ಟರು.

"ಒಂದು ಹಾಡು ಹೇಳಮ್ಮ."

"ಸ್ವಂತದ್ದು ಹೇಳ್ಲಾ?"

"ಓ, ಸ್ವಂತ ಬರೀತೀಯಾ? ಹೇಳು ಹೇಳು!"

ಟೀಪಾಯಿಯ ಮೇಲೆ ಎರಡೂ ಕೈಯಲ್ಲಿ ಬಡಿದು ಶುರುಮಾಡಿದಳು ನೋಡಿ, ಕಾಫಿ ಲೋಟಗಳು ಎದ್ದು ಕುಣಿದವು. ಹಾಡು ಮುಗಿಯಿತು. ಹುಡುಗನ ತಂದೆ ಸಂಗೀತ ಬಲ್ಲವರಂತೆ. ಮೆಲ್ಲಗೆ ಕೇಳಿದರು:

"ಇದು ಯಾವ ರಾಗಮ್ಮ?"

"ಸಿಟ್ಟು, ಸಾರ್."

"ತಾಳ?"

"ಅದೂ ಸಿಟ್ಟೇ."

ವಾರದ ನಂತರ ಕಾರ್ಡು ಬಂತು. "ಹುಡುಗಿ ಲಕ್ಷಣವಾಗಿದ್ದಾಳೆ. ಗಂಟಲು ಸ್ವಲ್ಪ ಜಾಸ್ತಿಯಾಯಿತು." ಅತ್ತೆ ಎರಡು ದಿನ ಮಾತು ಬಿಟ್ಟರು. ಇವಳು ಆ ಕಾರ್ಡನ್ನು ಶೆಡ್ಡಿನ ಗೋಡೆಗೆ ಅಂಟಿಸಿ, ಕೆಳಗೆ 'ಮೊದಲ ವಿಮರ್ಶೆ' ಎಂದು ಬರೆದಳು.

ಇಷ್ಟೆಲ್ಲ ನಡೆಯುವಾಗ ಮಾವನವರು ಏನು ಮಾಡುತ್ತಿದ್ದರು ಎನ್ನುತ್ತೀರಾ? ಅವರು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಮಾತು ಕಡಿಮೆ. ಡ್ರಮ್ಮಿನ ಮೊದಲ ಏಟು ಬೀಳುವುದಕ್ಕೂ ಅವರು ಕೊಡೆ ಹಿಡಿದು ಪಾರ್ಕಿಗೆ ಹೊರಡುವುದಕ್ಕೂ ಸರಿಹೋಗುತ್ತಿತ್ತು. ಹುಡುಗರು ಸೈಕಲ್ ಹತ್ತಿದ ಮೇಲೆಯೇ ವಾಪಸು. ಹಾಡು ಇಷ್ಟವೋ, ಕಷ್ಟವೋ, ನಾಚಿಕೆಯೋ, ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯ ನಾದಿನಿಗೂ ಇರಲಿಲ್ಲ.

ಬ್ಯಾಂಡು ಶುರುವಾದ ಎರಡನೇ ವರ್ಷದ ಗಣೇಶನ ಹಬ್ಬಕ್ಕೆ ಜೆ.ಪಿ. ನಗರದ ಒಂದು ಪೆಂಡಾಲಿನವರು 'ರಾಂಗ್ ನಂಬರ್'ಗೆ ಕರೆ ಕಳಿಸಿದರು. ಮೊದಲು ಗೊತ್ತುಮಾಡಿದ್ದ ಆರ್ಕೆಸ್ಟ್ರಾ ಕೈಕೊಟ್ಟಿತ್ತು, ಅದಕ್ಕೆ! ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಆದರೂ ಸಂಜೆ ಐದಕ್ಕೆಲ್ಲ ಪುಟ್ಟೇನಹಳ್ಳಿ ಕಡೆಯಿಂದಲೂ ಜನ ಬಂದು ಜಮಖಾನೆ ತುಂಬಿತು. ನಾನು ವೇದಿಕೆಯ ಪಕ್ಕ ಪತ್ರಿಕೆಗಳ ಕಟ್ಟು ಹಿಡಿದು ಕೂತಿದ್ದೆ. ಯಾವ ಹಾಡು ಯಾವ ಹೊತ್ತಿಗೆ ಎಂದು ಕೊಡುವುದು ನನ್ನ ಜವಾಬ್ದಾರಿ.

ಎರಡು ಹಾಡು ಚೆನ್ನಾಗಿ ಆದವು. ಅಷ್ಟರಲ್ಲಿ ಅವಳು ನನ್ನ ಕಡೆ ಬಗ್ಗಿ, ತುಟಿ ಅಲ್ಲಾಡಿಸದೆ ಹೇಳಿದಳು: "ಅತ್ತಿಗೆ, ಮುಂದಿನ ಸಾಲಲ್ಲಿ, ಬಿಳೀ ಷರ್ಟು."

ನೋಡಿದೆ. ಪಕ್ಕದಲ್ಲಿ ಹೆಂಡತಿ, ತೊಡೆಯ ಮೇಲೆ ಮಗು. ನನ್ನ ಕೈಯಲ್ಲಿದ್ದ ಪತ್ರಿಕೆಯಲ್ಲಿ ಅಚ್ಚಾಗಿದ್ದ ಚಿರಂಜೀವಿ ಅವನೇ!

ಅವನು ಅವಳನ್ನು ನಮಗಿಂತ ಮೊದಲೇ ಗುರುತು ಹಿಡಿದಿದ್ದನೆಂದು ಕಾಣುತ್ತದೆ. ಕಮಿಟಿಯವರೊಬ್ಬರು ಬೆವರು ಒರೆಸಿಕೊಳ್ಳುತ್ತ ವೇದಿಕೆಯ ಹಿಂದೆ ಬಂದರು. "ಅಮ್ಮ, ಅದೇನೋ ಮದುವೆ ಮುರಿದ ಹಾಡು ಇದೆಯಂತಲ್ಲ, ಅದು ಬೇಡ. ಅವರು ನಮ್ಮ ಕಮಿಟೀಲಿದಾರೆ. ಬೇಜಾರು ಮಾಡ್ಕೋತಾರೆ."

"ಮದುವೆ ಬೇಡ ಅಂದಾಗ ಅವರು ನನ್ನನ್ನ ಕೇಳಿದ್ರಾ ಸಾರ್?"

"ಅದು... ಗೊತ್ತಿಲ್ಲಮ್ಮ."

"ಕೇಳಿರ್ಲಿಲ್ಲ. ಹಾಡೋದಕ್ಕೆ ನಾನೂ ಅವರನ್ನ ಕೇಳಲ್ಲ."

ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡಳು. ಓದಬೇಕಾದ್ದೇ ಇರಲಿಲ್ಲ, ಬಾಯಿಪಾಠ. ಆದರೂ ಅಚ್ಚಾದ ಮಗ್ಗುಲು ಜನರ ಕಡೆ ಇರುವಂತೆ ಹಿಡಿದು ಶುರುಮಾಡಿದಳು:

ಬೇಡ ಅಂದೋನು ನೀನು, ಸರಿ ಕಣಯ್ಯ,
ಬೇಡವಾದೋಳು ನಾನಲ್ಲ!
ನನ್ನ ಹೆಸರು ನನ್ನ ಹತ್ರಾನೇ ಇದೆ...

ಅಷ್ಟಕ್ಕೆ ಮೈಕು ಸತ್ತಿತು. ಗಿಟಾರು ಸತ್ತಿತು. ಕಮಿಟಿಯವರು ಪ್ಲಗ್ ಕಿತ್ತಿದ್ದರು. ಡ್ರಮ್ಮೊಂದು ಒಂಟಿಯಾಗಿ ನಾಲ್ಕು ಏಟು ಹಾಕಿ ನಿಂತುಹೋಯಿತು. ಜನ ಗುಸುಗುಸು. ನಾದಿನಿ ಬರೀ ಬಾಯಲ್ಲೇ ಮುಂದುವರಿಸಿದಳು. ಕೂತ ಜನರ ಮೂರನೇ ಸಾಲಿನಿಂದ ಆಚೆ ಕೇಳಿಸುತ್ತಿರಲಿಲ್ಲ.

ಆಗ ಹಿಂದಿನಿಂದ ಕೊಡೆಯೊಂದು ಜನರ ಮಧ್ಯೆ ದಾರಿ ಮಾಡಿಕೊಂಡು ಬಂತು. ಕೊಡೆಯ ಹಿಂದೆ ನಮ್ಮ ಮಾವ! ಅವರು ಯಾವಾಗ ಬಂದಿದ್ದರೋ, ಎಲ್ಲಿ ಕೂತಿದ್ದರೋ, ದೇವರಿಗೇ ಗೊತ್ತು. ಮನೆಯಲ್ಲಿ ಬಲ್ಬು ಬದಲಾಯಿಸಬೇಕಾದರೆ ರಬ್ಬರ್ ಚಪ್ಪಲಿ ಮೆಟ್ಟಿ ಸ್ಟೂಲು ಹತ್ತುವ ಮನುಷ್ಯ ಸೀದಾ ಹೋಗಿ ಪ್ಲಗ್ ಎತ್ತಿ ಬೋರ್ಡಿಗೆ ಚುಚ್ಚಿದರು. ಬೋರ್ಡು ಸಡಿಲ. ಕೈ ಬಿಟ್ಟರೆ ಸದ್ದು ಹೋಗುತ್ತಿತ್ತು. ಅಂಗೈಯಿಂದ ಒತ್ತಿ ಹಿಡಿದು ನಿಂತರು.

"ಯಜಮಾನರೇ, ಕೈ ತೆಗೀರಿ!"

"ತೆಗೆಯೋದಿಲ್ಲ. ಮೂವತ್ತು ವರ್ಷ ಪಾಠ ಹೇಳಿದೋನು ನಾನು. ಕೂತ್ಕೊಂಡು ಕೇಳೋದು ಕಲೀರಿ!"

ಹಾಡು ಪೂರ್ತಿ ಆಯಿತು. ನಡುವೆ ಬಿಳೀ ಷರ್ಟು ಎದ್ದು ಹೊರಡಲು ನೋಡಿತು. ಪಾಪ, ಏನೊಂದೂ ತಿಳಿಯದ ಹೆಂಡತಿ ಅವನ ತೋಳು ಜಗ್ಗಿ, "ಕೂತ್ಕೊಳ್ರೀ, ಚೆನ್ನಾಗಿದೆ!" ಎಂದು ಕೂರಿಸಿದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳೂ ಅವಳೇ!

ಬ್ಯಾಂಡು ಆಮೇಲೂ ಮೂರು ವರ್ಷ ನಡೆಯಿತು. ಡ್ರಮ್ಮಿನವನಿಗೆ ದೂರದೂರಿಗೆ ವರ್ಗವಾದ ಮೇಲೆ ನಿಂತಿತು. ನಾದಿನಿ ಮದುವೆ ಆಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ಆದಳು. ಮದುವೆಯಾಗಲಿಲ್ಲವೆಂದು ಅವಳು ಕೊರಗಿದ್ದನ್ನು ನಾನಂತೂ ನೋಡಿಲ್ಲ.

ಆದರೆ ಅವತ್ತು ಪೆಂಡಾಲಿನಿಂದ ಮನೆಗೆ ನಡೆದು ಬರುವಾಗ ನಡೆದದ್ದನ್ನು ಹೇಳಬೇಕು. ಇನ್ನೂ ಬೆಳಕಿತ್ತು. ಮಾವ, ಮಗಳು, ನಾನು. ಅವಳು ಗೆದ್ದ ಖುಷಿಯಲ್ಲಿ ಬಡಬಡ ಮಾತಾಡುತ್ತಿದ್ದಳು. ಮಾವ ಇದ್ದಕ್ಕಿದ್ದಂತೆ ನಿಂತರು.

"ನಾನು ಮೂರು ಸಲ ಹೋಗಿದ್ದೆ ಕಣೇ."

"ಎಲ್ಲಿಗಪ್ಪ?"

"ಅವರ ಮನೆಗೆ. ಪತ್ರ ಬಂದ ಮೇಲೆ. ಮೂರನೇ ಸಲ ಬಾಗಿಲು ತೆಗೀಲಿಲ್ಲ. ಗೇಟಿನ ಹತ್ತಿರ ನಿಂತು ಕೈಮುಗಿದೆ. ಕೆಲಸ ಬಿಡಿಸ್ತೀನಿ, ಮನೇಲಿ ಕೂರಿಸ್ತೀನಿ, ದಯವಿಟ್ಟು ಒಪ್ಕೊಳ್ಳಿ ಅಂತ ಕಿಟಕಿ ಕಡೆ ನೋಡಿ ಹೇಳಿದೆ. ನಿನ್ನನ್ನ ಒಂದು ಮಾತು ಕೇಳಲಿಲ್ಲ." ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೇಳಿದರು, "ನೀನು ಹಾಡೋಕೆ ಶುರುಮಾಡಿದ್ರೆ ನನಗೆ ಆ ಗೇಟು ನೆನಪಾಗ್ತಿತ್ತು. ಅದಕ್ಕೇ ಎದ್ದು ಹೋಗ್ತಿದ್ದೆ. ತಪ್ಪಾಯ್ತು ಮಗು."

ಇಡೀ ಜಯನಗರಕ್ಕೆ ಉತ್ತರ ಕೊಟ್ಟವಳು ಅಪ್ಪನ ಕಂಕುಳಿಂದ ಕೊಡೆ ತೆಗೆದು ನನ್ನ ಕೈಗೆ ಕೊಟ್ಟಳು. ಆಮೇಲೆ, ಪುಟ್ಟ ಮಕ್ಕಳು ರಸ್ತೆ ದಾಟುವಾಗ ಹಿಡಿದುಕೊಳ್ಳುತ್ತಾರಲ್ಲ, ಹಾಗೆ ಅವರ ಎರಡು ಬೆರಳು ಹಿಡಿದುಕೊಂಡಳು. ರಸ್ತೆ ದಾಟಿದ ಮೇಲೂ ಬಿಡಲಿಲ್ಲ. ನಾನು ಬೇಕೆಂದೇ ನಡಿಗೆ ನಿಧಾನ ಮಾಡಿ ಹಿಂದೆ ಉಳಿದೆ.