ಮರಳಿಗೆ ಹಿಮದ ಪಾಠ

ನಮ್ಮ ಅಕ್ಕನ ಗಂಡನಿಗೆ ತಿಳಿಯದ ಸಂಗತಿ ಭೂಮಿಯ ಮೇಲೆ ಯಾವುದೂ ಇಲ್ಲ. ಹಾಗಾಗಿಯೇ ಭಾವ ಭೂಮಿಯ ಒಳಗೆ ಇಳಿಯಲು ಹೊರಟದ್ದು! ಮೂವತ್ತು ವರ್ಷ ಹಿಮದ ಊರಾದ ನಾರ್ತ್ ಯಾರ್ಕಿನ ಆಫೀಸೊಂದರ ಹನ್ನೊಂದನೇ ಮಹಡಿಯಲ್ಲಿ ಕೂತು ಗಣಿಗಳ ನಕ್ಷೆ ಬರೆದವರು. ಒಂದು ಗಣಿಯನ್ನೂ ಕಣ್ಣಾರೆ ಕಂಡವರಲ್ಲ. ನಿವೃತ್ತಿಯಾದದ್ದೇ ತಡ, ನೆವಾಡಾದ ಮರುಭೂಮಿಯಲ್ಲಿ ಪಾಳುಬಿದ್ದ ಬೆಳ್ಳಿಗಣಿಯೊಂದನ್ನು ನೋಡಲೇಬೇಕೆಂದು ಹಟ ಹಿಡಿದರು.

"ನೀನೂ ಹೋಗು. ಒಬ್ಬರನ್ನೇ ಕಳ್ಸಿದ್ರೆ ನಂಗೆ ನಿದ್ರೆ ಬರೂದಿಲ್ಲ" ಎಂದಳು ಅಕ್ಕ. ನನ್ನ ನಿದ್ರೆಯನ್ನು ಯಾರು ಕೇಳಿದರು?

ಎರಿನ್ ಮಿಲ್ಸಿನ ಅವರ ಮನೆಯಲ್ಲಿ ಸೂಟ್‌ಕೇಸು ತುಂಬುವಾಗಲೇ ಕಂಡೆ: ಬಟ್ಟೆಗಳ ನಡುವೆ, ಕಾರಿನ ಮೇಲಿನ ಹಿಮ ಗುಡಿಸುವ ಸ್ನೋ ಬ್ರಷ್!

"ಮರುಭೂಮಿಗೆ ಇದ್ಯಾಕೆ ಭಾವ?"

"ಧೂಳು ಒರೆಸ್ಲಿಕ್ಕೆ. ಇಲ್ಲಿಯ ವಿಂಟರಲ್ಲಿ ಓಡಿಸಿದವನಿಗೆ ಮರಳು ಎಂತ ಮಾರಾಯ? ಬಿಸಿ ಸ್ನೋ, ಅಷ್ಟೇ."

ವಾದ ಮಾಡಲು ನನಗೆ ಶಕ್ತಿ ಇರಲಿಲ್ಲ. ಅಕ್ಕನ ಮದುವೆಯಾದಾಗಿನಿಂದಲೂ ಇಲ್ಲ.

ಆ ಬಿಸಿ ಸ್ನೋ ನೆವಾಡಾದ ಒಣ ಹಳ್ಳವೊಂದರಲ್ಲಿ, ನಾನು ಓಡಿಸುತ್ತಿದ್ದ ಬಾಡಿಗೆ ಜೀಪನ್ನು ಹಿಡಿಯಿತು. ಗಣಿ ಎದುರಿಗೇ, ಗುಡ್ಡದ ಬುಡದಲ್ಲಿ ಕಾಣುತ್ತಿತ್ತು. "ರಿವರ್ಸ್ ಹಾಕು! ಈಗ ಡ್ರೈವ್! ತೊಟ್ಟಿಲು ತೂಗಿದ ಹಾಗೆ ತೂಗು!" ತಮ್ಮ ಬೀದಿಯಲ್ಲಿ ಹಿಮಕ್ಕೆ ಸಿಕ್ಕಿದ ಕಾರುಗಳನ್ನೆಲ್ಲ ಹೀಗೆ ಎಬ್ಬಿಸಿದ ಕೀರ್ತಿ ಅವರದು. ತೂಗಿದೆ. ಜೀಪು ಹೊಟ್ಟೆಯವರೆಗೆ ಹೂತು, ಮಗುವಿನಂತೆ ಮಲಗಿತು. ಚಕ್ರದಡಿಗೆ ಜೀಪಿನ ಮ್ಯಾಟು ಕೊಟ್ಟರು, ಮರಳು ಅದನ್ನೂ ನುಂಗಿತು. ಫೋನಿಗೆ ಸಿಗ್ನಲ್ ಇಲ್ಲ, ನೆತ್ತಿಯ ಮೇಲೆ ಸೂರ್ಯ, ಕೈಯಲ್ಲಿ ಎರಡು ಬಾಟಲಿ ನೀರು.

"ಗಣಿಯ ಬಾಯಲ್ಲಿ ನೆರಳುಂಟು, ನಡಿ" ಎಂದರು, ಗೆದ್ದವರಂತೆ.

ಅಲ್ಲಿ ಮುರಿದ ಬೇಲಿ, ಒಳಗೆ ಹೋಗಬೇಡಿ ಎಂಬ ಫಲಕ. ಭಾವ ಅದನ್ನು ಗಟ್ಟಿಯಾಗಿ ಓದಿ, "ಇದು ಗೊತ್ತಿಲ್ಲದವರಿಗೆ" ಎಂದು ದಾಟಿದರು. ನಾಲ್ಕು ಹೆಜ್ಜೆ. "ನೋಡು, ಇಲ್ಲಿ ನೆಲ ಸಮ ಉಂಟು, ಅಂದ್ರೆ ಮುಂದೆ..." ಎನ್ನುವಷ್ಟರಲ್ಲಿ ಕಾಲಡಿಯ ಹಲಗೆ ಮುರಿಯಿತು. ಅದು ನೆಲವಾಗಿರಲಿಲ್ಲ, ಬಾವಿಯಂಥ ಗುಂಡಿಗೆ ಯಾವ ಕಾಲದಲ್ಲೋ ಹಾಸಿದ ಮುಚ್ಚಳ. ಒಂದು ಕೈಯಲ್ಲಿ ಅವರ ಬೆಲ್ಟು, ಇನ್ನೊಂದರಲ್ಲಿ ಗೋಡೆಯ ಕಲ್ಲು ಹಿಡಿದು ಎಳೆದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಹಲಗೆ ಕೆಳಗೆ ಹೋಯಿತು. ತಳ ಮುಟ್ಟಿದ ಸದ್ದಿಗೆ ಕಾದೆ. ಬಹಳ ಹೊತ್ತು ಕಾದೆ.

ಈಗಲೂ ನೆಲದಡಿಯ ಸಬ್‌ವೇ ನಿಲ್ದಾಣದಲ್ಲಿ ರೈಲಿಗೆ ಮುಂಚೆ ಸುರಂಗದ ಗಾಳಿ ಬಂದರೆ ನನ್ನ ಕೈ ಯಾರದಾದರೂ ಬೆಲ್ಟು ಹುಡುಕುತ್ತದೆ. ಪಕ್ಕದವರು ದೂರ ಸರಿಯುತ್ತಾರೆ!

ಸಂಜೆಗೆ ಟ್ರಕ್ಕಿನಲ್ಲಿ ಬಂದ ಮುದುಕನೊಬ್ಬ ನಮ್ಮ ಟೈರುಗಳ ಗಾಳಿ ಅರ್ಧ ಇಳಿಸಿ, ಹಗ್ಗ ಕಟ್ಟಿ, ಹತ್ತೇ ನಿಮಿಷದಲ್ಲಿ ಜೀಪನ್ನು ಎಳೆದು ಹಾಕಿದ. ಭಾವ ಅವನಿಗೆ ಒಂದೇ ಒಂದು ಸಲಹೆ ಕೊಡಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

ಡಾಂಬರು ರಸ್ತೆ ಸಿಕ್ಕಿದ ಮೇಲೆ "ನಿಲ್ಸು" ಎಂದರು. "ಕೈ ತೋರ್ಸು."

ಕಲ್ಲಿಗೆ ಉಜ್ಜಿ ಅಂಗೈ ತರಚಿತ್ತು. ಉಳಿದ ನೀರು ಹೊಯ್ದು ತೊಳೆದರು. ಆಮೇಲೆ ಬಗ್ಗಿ, ಮೆಲ್ಲಗೆ ಊದತೊಡಗಿದರು.

"ಉರೀತದಾ?"

ಉರಿ ಯಾವಾಗಲೋ ನಿಂತಿತ್ತು.

"ಹೌದು ಭಾವ, ಇನ್ನೂ ಸ್ವಲ್ಪ" ಎಂದೆ.