ಯೋಗಾನಂದನ ರೈಲೂ ರಾಹುವೂ

"ಟೂರ್ ಕಂಪನಿಯೂ ಬೇಡ, ಬಾಡಿಗೆ ಕಾರೂ ಬೇಡ! ಫ್ರಾನ್ಸಿನ ಬೋರ್ಡೋದಲ್ಲಿ ರೂಮು, ಸುತ್ತಲಿನ ಊರಿಗೆಲ್ಲ ರೈಲು. ಟೈಮಿನ ವಿಷಯ ನನಗೆ ಬಿಡು!" ಎಂದು ಯೋಗಾನಂದ ಅಮೆರಿಕದ ಕ್ಯಾಂಪ್‌ಬೆಲ್ಲಿನ ತನ್ನ ಅಡುಗೆಮನೆಯಲ್ಲಿ ನಿಂತು ಘೋಷಿಸಿದ. ಘೋಷಿಸುವ ಅಧಿಕಾರ ಅವನಿಗಿತ್ತು. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಕೂತು ಜಪಾನಿನವರನ್ನೂ ಜರ್ಮನಿಯವರನ್ನೂ ಬೆಂಗಳೂರಿನವರನ್ನೂ ಒಂದೇ ಮೀಟಿಂಗಿಗೆ ಎಳೆದು ತರುವ ಮಹಾನುಭಾವ ಅವನು. ಯಾವ ಊರಲ್ಲಿ ಈಗೆಷ್ಟು ಗಂಟೆ ಎಂದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದ.

ಹೆಂಡತಿ ರಂಜನಿಗೆ ಬೇಕಿದ್ದದ್ದು ಒಂದೇ. ಮೈಸೂರಿನ ಹಾಸ್ಟೆಲಿನ ಗೆಳತಿ ಭುವನೇಶ್ವರಿ ಫ್ರಾನ್ಸಿನವನನ್ನು ಮದುವೆಯಾಗಿ ಬೋರ್ಡೋದ ಹತ್ತಿರದ ಲಿಬೂರ್ನ್ ಎಂಬ ಊರಲ್ಲಿದ್ದಳು. ಗಂಡ ತೀರಿಕೊಂಡು ಆ ಶುಕ್ರವಾರಕ್ಕೆ ವರ್ಷ ತುಂಬುತ್ತಿತ್ತು. "ಅವತ್ತು ಮಧ್ಯಾಹ್ನ ಒಬ್ಬಳೇ ಕೂತು ಊಟ ಮಾಡೋಕಾಗಲ್ಲ ಕಣೇ, ಬಾರೇ" ಎಂದು ಫೋನಿನಲ್ಲಿ ಅತ್ತಿದ್ದಳು.

ಮೊದಮೊದಲು ಎಲ್ಲ ಸಾಂಗವಾಗಿ ನಡೆಯಿತು. ಬೋರ್ಡೋದ ಹಳೇ ಕಲ್ಲಿನ ಬೀದಿಗಳನ್ನು ಸುತ್ತಿದರು. ರೈಲಿನಲ್ಲಿ ಸೇಂಟ್ ಎಮಿಲಿಯನ್ನಿಗೆ ಹೋಗಿ ವೈನ್ ಇಡುವ ನೆಲಮಾಳಿಗೆಗೆ ಇಳಿದರು. ಅಲ್ಲಿ ಕೊಟ್ಟ ವೈನನ್ನು ಯೋಗಾನಂದ ಮೂಗಿನ ಹತ್ತಿರ ಹಿಡಿದು, ಗಂಭೀರವಾಗಿ ತಲೆದೂಗಿ, ತೀರ್ಥದಂತೆ ಒಂದು ಗುಟುಕು ಕುಡಿದು ಲೋಟ ವಾಪಸಿಟ್ಟ.

ಶುಕ್ರವಾರ ರಂಜನಿ ಸೀರೆಯುಟ್ಟು, ಮನೆಯಿಂದ ಹೊತ್ತು ತಂದಿದ್ದ ಪುಳಿಯೋಗರೆ ಗೊಜ್ಜಿನ ಡಬ್ಬಿ ಹಿಡಿದು ಸ್ಟೇಷನ್ನಿಗೆ ಬಂದಳು. ಹನ್ನೊಂದೂವರೆಗೆ ಲಿಬೂರ್ನಿನ ರೈಲು ಬಂದು ನಿಂತಿತು. ಯೋಗಾನಂದ ಫೋನಿನ ಪಂಚಾಂಗ ನೋಡಿ ಕೈ ಅಡ್ಡ ಹಿಡಿದ.

"ಹತ್ತಬೇಡ! ರಾಹುಕಾಲ!"

"ರೀ, ಅರ್ಧ ಗಂಟೆ ದಾರಿ ಕಣ್ರೀ!"

"ಮೊದಲೇ ನೊಂದಿರೋರ ಮನೆ. ರಾಹುಕಾಲದಲ್ಲಿ ಹೊರಡ್ತಾರೇನೇ? ನಮ್ಮಮ್ಮ ಇದ್ದಿದ್ರೆ..."

"ನಿಮ್ಮಮ್ಮ ಇದ್ದಿದ್ರೆ ಇಷ್ಟು ಹೊತ್ತಿಗೆ ಕಿಟಕಿ ಪಕ್ಕದ ಸೀಟು ಹಿಡಿದಿರೋರು!"

ರೈಲು ಹೋಯಿತು. ಆಮೇಲೆ ಬಂದದ್ದೂ ಹೋಯಿತು. ರಂಜನಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತೇ ಇದ್ದಳು. ಒಂದು ಗಂಟೆ ದಾಟಿ ಫೋನಿನಲ್ಲಿ ರಾಹು ತೊಲಗಿದ್ದೇ ತಡ, ಯೋಗಾನಂದ ಹೆಂಡತಿಯ ಕೈ ಹಿಡಿದು ಓಡಿ, ಹೊರಟು ನಿಂತಿದ್ದ ರೈಲಿಗೆ ಹತ್ತಿಸಿದ.

"ಬೋರ್ಡು ನೋಡಿದ್ರಾ?"

"ದಿನಾ ಕ್ಯಾಲ್‌ಟ್ರೇನಲ್ಲಿ ಓಡಾಡೋನಿಗೆ ರೈಲು ಹತ್ತೋದು ಹೇಳ್ಕೊಡ್ತೀಯಾ?"

ದ್ರಾಕ್ಷಿತೋಟ ಬರಬೇಕಿತ್ತು. ಪೈನ್ ಮರ ಬಂದವು. ಇನ್ನಷ್ಟು ಪೈನ್ ಮರ ಬಂದವು. ಕೊನೆಗೆ ಇಳಿದ ಕಡೆ ಉಪ್ಪುಗಾಳಿ ಬೀಸುತ್ತಿತ್ತು. ಅದು ಅರ್ಕಾಷೋನ್, ಲಿಬೂರ್ನಿಗೆ ತದ್ವಿರುದ್ಧ ದಿಕ್ಕಿನ ಕಡಲೂರು! ಟವೆಲ್ಲು ಹೊದ್ದು ಈಜಲು ಹೊರಟವರ ನಡುವೆ ರಂಜನಿ ಡಬ್ಬಿ ಎದೆಗವಚಿಕೊಂಡು ವಾಪಸು ರೈಲಿನ ಬೋರ್ಡನ್ನು ತಾನೇ ಹುಡುಕತೊಡಗಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಿತವಾಗಿರುತ್ತಿತ್ತು.

ಲಿಬೂರ್ನ್ ಮುಟ್ಟುವಾಗ ಸಂಜೆಯಾಗಿತ್ತು. ಭುವನೇಶ್ವರಿಯ ಮೇಜಿನ ಮೇಲೆ ನಾಲ್ಕು ತಟ್ಟೆಗಳಿದ್ದವು, ಒಂದು ಗಂಡನ ಫೋಟೋದ ಎದುರು. ಯಾವುದನ್ನೂ ಅವಳು ಮುಟ್ಟಿರಲಿಲ್ಲ. ಗೆಳತಿಯರು ತಬ್ಬಿಕೊಂಡು ಅತ್ತರು. ಯೋಗಾನಂದನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಂಟಿಯಾಗಿ ಉಣ್ಣಲಾರೆ ಎಂದವಳನ್ನು ಇಡೀ ದಿನ ಉಪವಾಸ ಕೂರಿಸಿದ್ದೆನಲ್ಲ ಎಂದುಕೊಂಡ.

"ರಾಹುಕಾಲ ಕಳೀಲಿ ಅಂತ ಒಂದು ಗಂಟೆ ಮೇಲೆ ಹೊರಟ್ವಿ..." ಎಂದು ತೊದಲಿದ.

ಭುವನೇಶ್ವರಿ ಕಣ್ಣೊರೆಸಿಕೊಂಡು ಅವನ ಫೋನು ಇಸಿದುಕೊಂಡಳು. "ಯೋಗಾನಂದ್ ಅವ್ರೇ, ಇದ್ರಲ್ಲಿ ಊರು ಕ್ಯಾಂಪ್‌ಬೆಲ್ ಅಂತಿದೆ! ಸೂರ್ಯ ಹುಟ್ಟೋ ಹೊತ್ತೂ ಅಲ್ಲೀದೇ, ರಾಹುನೂ ಅಲ್ಲೀದೇ!" ಊರು ಬದಲಿಸಿ ಮತ್ತೆ ನೋಡಿದಳು. "ನಮ್ಮ ರಾಹುಕಾಲ ಶುರುವಾಗಿದ್ದೇ ಹನ್ನೆರಡರ ಮೇಲೆ, ಮುಗಿದಿದ್ದು ಎರಡಕ್ಕೆ. ನೀವು ಸರಿಯಾಗಿ ಅದರ ನಟ್ಟನಡುವೆ ರೈಲು ಹತ್ತಿದೀರಿ!"

ಹೇಳುತ್ತಲೇ ಅವಳಿಗೆ ನಗು ಬಂತು. ಬಿದ್ದು ಬಿದ್ದು ನಕ್ಕಳು. "ಅವರಿದ್ದಿದ್ರೆ ನನಗಿಂತ ಜಾಸ್ತಿ ನಗೋರು" ಎಂದು ಫೋಟೋದ ಕಡೆ ತಿರುಗಿದಳು. ಆರಿದ ಅನ್ನಕ್ಕೆ ರಂಜನಿ ಗೊಜ್ಜು ಕಲಸಿದಳು. ಮೂವರೂ ಹೊಟ್ಟೆ ತುಂಬ ಉಂಡರು.

ಕ್ಯಾಂಪ್‌ಬೆಲ್ಲಿಗೆ ಮರಳಿದ ಮೇಲಿನ ಸೋಮವಾರ, ಯೋಗಾನಂದ ಬ್ಯಾಗು ಹೆಗಲಿಗೇರಿಸಿ ಎಂದಿನ ಗತ್ತಿನಲ್ಲಿ, "ಮೀಟಿಂಗಿಗೆ ಟೈಮಾಯ್ತು ಕಣೇ, ಹೊರಟೆ!" ಎಂದ.

ರಂಜನಿ ಕಾಫಿ ಲೋಟದಿಂದ ತಲೆಯೆತ್ತದೆ ಕೇಳಿದಳು:

"ಯಾವ ಊರಲ್ಲಿ?"